ಸೀತಾಳೆ ದಂಡೆ ಕೇಳಿದ ಗೆಳೆಯನಿಗೆ

ಗೆಳೆಯಾ,

ಬಾಲ್ಕನಿಗೆ ನಾಲ್ಕು ಕಾಡು ಆರ್ಕಿಡ್ ಕಳಿಸು ಅಂತ ಕೇಳಿದ್ದೆಯಲ್ಲ, ಕಳಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಕಾರಣ ಹೇಳೋಣ ಅಂತಲೇ ಬರೆಯಲು ಕೂತೆ. ಹೊರಗೆ ಜೋರು ಮಳೆ, ಕರೆಂಟ್ ಹೋಗಿ ಎರಡು ದಿನ ಆಯಿತು. ಬಂದ ಮೇಲೆ ಇದನ್ನು ಹಾಕುತ್ತೇನೆ, ನಿನ್ನ ಹಾಗೆ ಕೇಳುವವರು ಇನ್ನೂ ಇದ್ದಾರೆ, ಅವರೂ ಓದಲಿ.

ಮನೆ ಹಿಂದಿನ ಹಲಸಿನ ಮರ ನೆನಪಿದೆಯಾ? ಅದರ ಕವಲಿನಲ್ಲಿ ಸೀತಾಳೆ ದಂಡೆ ಅನ್ನುವ ಕಾಡು ಆರ್ಕಿಡ್ ಹೂ ಬಿಟ್ಟಿದೆ. ಗೇಣುದ್ದದ ದಂಡೆಗಳು, ನೇರಳೆ ಚುಕ್ಕಿಯ ಬಿಳಿ ಹೂಗಳು ಒತ್ತೊತ್ತಾಗಿ ಜೋತುಬಿದ್ದಿವೆ. ಮರಗಸಿಗೆ, ಅಂದರೆ ಕೊಂಬೆ ಸವರಲು, ಬಂದವರು ಇದನ್ನು ಬಂದಣಿಕೆ ಅಂದುಕೊಂಡು ಕತ್ತಿಯಲ್ಲಿ ಕೆರೆದು ಬಿಸಾಕುತ್ತಾರೆ. ಬಂದಣಿಕೆ ಮರದ ರಸ ಹೀರುತ್ತದೆ. ಇದು ಸುಮ್ನೆ ಮರದ ಮೇಲೆ ಕೂತಿರುತ್ತದೆ, ಅಷ್ಟೆ. ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ.

ಮೊನ್ನೆ ಮಳೆ ಬಿಟ್ಟ ಹೊತ್ತಿನಲ್ಲಿ ಏಣಿ ಹಾಕಿ ಹತ್ತಿದೆ. ಪೊರಕೆ ಕಡ್ಡಿಯೊಂದನ್ನು ಚೂಪು ಮಾಡಿ ಹೂವಿನ ಬಾಯಿಗೆ ಮೆಲ್ಲಗೆ ತೂರಿಸಿ ಹೊರಗೆ ಎಳೆದೆ. ತುದಿಗೆ ಎರಡು ಹಳದಿ ಉಂಡೆಗಳು ಅಂಟಿಕೊಂಡು ಬಂದವು, ಸಾಸಿವೆಗಿಂತ ಚಿಕ್ಕವು, ಕೆಳಗೊಂದು ಸಣ್ಣ ಕಾಲು ಬೇರೆ. ಕೊಡವಿದೆ, ಬೀಳಲಿಲ್ಲ. ಊದಿದೆ, ಬೀಳಲಿಲ್ಲ. ಕುಂಬಳದ ಹೂ ಮುಟ್ಟಿದರೆ ಕೈಗೆಲ್ಲ ಹಳದಿ ಪುಡಿ ಮೆತ್ತಿಕೊಳ್ಳುತ್ತದೆ ಅಲ್ವಾ, ಇಲ್ಲಿ ಆ ಪುಡಿಯೇ ಇಲ್ಲ. ಇರುವ ಪರಾಗವನ್ನೆಲ್ಲ ಉಂಡೆ ಕಟ್ಟಿ, ಬುಡಕ್ಕೆ ಅಂಟು ಹಚ್ಚಿ, ಒಳಗೆ ತಲೆ ಹಾಕಿದ ಹುಳದ ಮೈಗೆ ಒಂದೇ ಸಲಕ್ಕೆ ಹೊರಿಸಿ ಕಳಿಸಿಬಿಡುತ್ತದೆ. ಆ ಹುಳ ಇದೇ ಜಾತಿಯ ಇನ್ನೊಂದು ಹೂವಿಗೆ ಹೋದರೆ ಗೆದ್ದಿತು. ಬೇಲಿಯ ಲಂಟಾನಕ್ಕೆ ಹೋದರೆ ಇದ್ದದ್ದೆಲ್ಲ ಹೋಯಿತು.

ಡಾರ್ವಿನ್ 1862ರಲ್ಲಿ ಆರ್ಕಿಡ್ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನೂ ಹೀಗೇ ಚೂಪು ಪೆನ್ಸಿಲ್ ತೂರಿಸಿ ನೋಡಿದ್ದ. ಇಂಗ್ಲೆಂಡಿನ ಒಂದು ಆರ್ಕಿಡ್ ಹೂವಿನಲ್ಲಿ, ಪೆನ್ಸಿಲ್ ಮೇಲೆ ನೆಟ್ಟಗೆ ನಿಂತ ಉಂಡೆ ಅರ್ಧ ನಿಮಿಷದಲ್ಲಿ ತಾನಾಗಿ ಮುಂದಕ್ಕೆ ಬಾಗಿತಂತೆ. ಹುಳ ಮುಂದಿನ ಹೂವಿಗೆ ಹೋಗುವಷ್ಟರಲ್ಲಿ ಉಂಡೆ ಸರಿಯಾದ ಜಾಗಕ್ಕೆ ತಾಗಬೇಕಲ್ಲ, ಅದಕ್ಕೆ.

ಇನ್ನು ಇವುಗಳ ಮೋಸ ಕೇಳು. ಜಗತ್ತಿನ ಆರ್ಕಿಡ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹುಳಕ್ಕೆ ಒಂದು ತೊಟ್ಟು ಜೇನನ್ನೂ ಕೊಡುವುದಿಲ್ಲ, ಬಣ್ಣ ವಾಸನೆ ತೋರಿಸಿಯೇ ಕೆಲಸ ಮಾಡಿಸಿಕೊಳ್ಳುತ್ತವೆ. ಮೆಡಿಟರೇನಿಯನ್ ಕಡೆಯ ಆಫ್ರಿಸ್ ಅನ್ನುವ ಜಾತಿಯಂತೂ ಹೆಣ್ಣು ಜೇನಿನ ರೂಪ, ರೋಮ, ವಾಸನೆ ಎಲ್ಲ ನಕಲು ಮಾಡುತ್ತದೆ, ಗಂಡು ಬಂದು ಹೂವಿನ ಜೊತೆಗೇ ಕೂಡಲು ನೋಡುತ್ತದೆ, ಪಾಪ! ನಮ್ಮ ಗುಡ್ಡದ ಹುಲ್ಲಿನಲ್ಲಿ ಮಳೆಗಾಲದ ಕೊನೆಗೆ ಏಳುವ ಬಿಳಿ ಹೆಬನೇರಿಯಾ ಆರ್ಕಿಡ್ ಆ ಮೋಸಗಾರರ ಪೈಕಿ ಅಲ್ಲ. ಅದಕ್ಕೆ ಬೆರಳಿಗಿಂತ ಉದ್ದದ ಕೊಳವೆ, ಅದರ ತಳದಲ್ಲಿ ಜೇನು. ಉದ್ದ ನಾಲಿಗೆಯ ಪತಂಗ ಬಂದರೆ ಮಾತ್ರ ಸಿಗುತ್ತದೆ.

ವೆನಿಲ್ಲಾ ಕೂಡ ಆರ್ಕಿಡ್ ಅಂತ ನಿನಗೆ ಗೊತ್ತಿತ್ತಾ? ಬೆಲೆ ಏರಿದ್ದ ಕಾಲದಲ್ಲಿ ನಮ್ಮ ತೋಟದಲ್ಲೂ ಬಳ್ಳಿ ಹಬ್ಬಿಸಿದ್ದೆವು. ಅದರ ತವರು ಮೆಕ್ಸಿಕೋ. ಅಲ್ಲಿ ಜೇನುಹುಳ ಮಾಡುವ ಪರಾಗಸ್ಪರ್ಶದ ಕೆಲಸ ಇಲ್ಲಿ ನಮ್ಮ ಪಾಲಿಗೆ ಬಂತು. ಹೂ ಅರಳುವುದು ಬೆಳಿಗ್ಗೆ, ಮಧ್ಯಾಹ್ನಕ್ಕೆ ಮುಗಿಯಿತು. ನಾನು ಶಾಲೆಗೆ ಹೋಗುವ ಮೊದಲು ಅವ್ವನ ಜೊತೆ ನಿಂಬೆಮುಳ್ಳು ಹಿಡಿದು, ಗಂಡು ಹೆಣ್ಣು ಭಾಗಗಳ ನಡುವಿನ ತೆಳು ಪರದೆ ಎತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕಿತ್ತು. ಈ ಉಪಾಯ ಕಂಡುಹಿಡಿದವನು 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್, ಆಗ ಅವನಿಗೆ 12 ವರ್ಷ. ಆಮೇಲೆ ಬೆಲೆ ಬಿತ್ತು, ಬಳ್ಳಿ ಕಿತ್ತೆವು. ಅವ್ವನಿಗೆ ಮಾತ್ರ ಆ ಕೈಚಳಕ ಇನ್ನೂ ಹೋಗಿಲ್ಲ.

ಹೋದ ವರ್ಷ ಹಲಸಿನ ಮರದಲ್ಲಿ ನೂರಾರು ಹೂವಿಗೆ ಕಾಯಿ ಕಟ್ಟಿದ್ದು ಮೂರೇ ಮೂರು. ಒಂದು ಒಡೆದಾಗ ಅಂಗೈಗೆ ಕೊಡವಿಕೊಂಡೆ. ಬೀಜ ಅಂತ ಹೇಳುವ ಹಾಗಿಲ್ಲ, ಧೂಳು. ಒಂದೊಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಯಲ್ಲಿ ಲಕ್ಷಗಟ್ಟಲೆ. ಅಷ್ಟಿದ್ದರೂ ಒಳಗೆ ಬುತ್ತಿ ಇಲ್ಲ. ಭತ್ತ, ರಾಗಿಯಲ್ಲಿ ಮೊಳಕೆಗೆ ಬೇಕಾದ ಹಿಟ್ಟು ಇರುತ್ತದಲ್ಲ, ಇದರಲ್ಲಿ ಅದಿಲ್ಲ. ತೊಗಟೆಯ ಮೇಲೆ ಬಿದ್ದಾಗ ಸರಿಯಾದ ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಮೊಳಕೆ. ನಾನು ಊದಿದೆ, ಹಾರಿಹೋಯಿತು.

ಈಗ ಹೇಳು, ಗಿಡ ಕಿತ್ತು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿದರೆ ಹುಳ, ತೊಗಟೆ, ಶಿಲೀಂಧ್ರ ಇದನ್ನೆಲ್ಲ ಯಾವ ಪೆಟ್ಟಿಗೆಯಲ್ಲಿ ಹಾಕಲಿ? ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಂಡುಕೋ, ಚೆನ್ನಾಗಿಯೇ ಬರುತ್ತದೆ.

ಕಡ್ಡಿಗೆ ಅಂಟಿದ ಆ ಎರಡು ಉಂಡೆ ಏನು ಮಾಡಿದೆ ಅಂತ ಹೇಳಲಿಲ್ಲ ಅಲ್ವಾ. ಕಣದ ಆಚೆಯ ಅತ್ತಿಮರದ ಸೀತಾಳೆಗೆ ಒಯ್ದು, ಒಂದು ಹೂವಿನ ಹೆಣ್ಣು ಭಾಗದ ಅಂಟು ಗುಳಿಗೆ ಒತ್ತಿದೆ. ಗುಳಿ ಹಿಡಿದುಕೊಂಡಿತು, ಕಡ್ಡಿ ಖಾಲಿ. ಎರಡೇ ದಿನಕ್ಕೆ ಆ ಒಂದು ಹೂ ಬಾಡಿದೆ, ಅಕ್ಕಪಕ್ಕದವೆಲ್ಲ ಹಾಗೇ ಇವೆ. ಬಾಡಿದ್ದು ಒಳ್ಳೆಯ ಲಕ್ಷಣ, ಪರಾಗ ಹತ್ತಿದೆ ಅಂತ. ಗುರುತಿಗೆ ಕೆಂಪು ದಾರ ಕಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ. ಏಣಿ ಹಿಡಿದುಕೊಳ್ಳುವ ಕೆಲಸ ನಿನ್ನದು.

ನಿನ್ನ,
ತೋಟದವನು