ಏರಿಸದೆ ಉಳಿಸಿದ ಬಾಟಲಿಗೂ ನಮಸ್ಕಾರ

ನನ್ನ ತಾಯಿಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆ ಶಿವಮೊಗ್ಗದಲ್ಲಿ ಸುಸೂತ್ರವಾಗಿ ಮುಗಿದಿದೆ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಅಡಿಕೆ ಸುಲಿಯುವವರ ತಪ್ಪು ಎತ್ತಿ ತೋರಿಸುವಷ್ಟು ಅವರು ಚೇತರಿಸಿಕೊಂಡಿದ್ದಾರೆ. ನಡುರಾತ್ರಿ ಮಂಡಗದ್ದೆಯ ದಾರಿಯಲ್ಲಿ ಕಾರು ಓಡಿಸಿದ ನೆರೆಮನೆಯವರಿಗೆ, ಶಸ್ತ್ರವೈದ್ಯರಿಗೆ, ದಾದಿಯರಿಗೆ ನಮ್ಮ ಕುಟುಂಬ ಋಣಿ. ಆದರೂ ಈ ಬರಹ ಮುಖ್ಯವಾಗಿ ಅರಿವಳಿಕೆ ವೈದ್ಯರಿಗೆ.

ಆಪರೇಷನ್ ಆದ ಸಂಜೆ ಮೂತ್ರದ ಚೀಲದ ತಳದಲ್ಲಿ ಬೆರಳಗಲದಷ್ಟು ಕಡುಹಳದಿ ದ್ರವ ಮಾತ್ರ ಇತ್ತು. ಅಮ್ಮನ ತುಟಿ ಒಣಗಿತ್ತು. ದೊಡ್ಡಪ್ಪ "ಇನ್ನೊಂದು ಗ್ಲೂಕೋಸ್ ಏರಿಸಿ" ಎಂದು ಪಟ್ಟು ಹಿಡಿದರು. ಬಾಟಲಿ ಏರಿಸದೆ ಕಳಿಸಿದವರನ್ನು ಡಾಕ್ಟರೆಂದೇ ಒಪ್ಪದ ಜನ ನಾವು.

ಆ ವೈದ್ಯರು ಬೇಸರಿಸದೆ, ಮೊದಲು ರಕ್ತದೊತ್ತಡ ಮತ್ತು ನಾಡಿ ನೋಡಿ, ಆಮೇಲೆ ಮಂಚದ ಪಕ್ಕದಲ್ಲೇ ನಿಂತು ವಿವರಿಸಿದರು. ಕೊಯ್ತ, ನೋವು ಎಲ್ಲವನ್ನೂ ದೇಹ ಆಘಾತವೆಂದೇ ಎಣಿಸುತ್ತದೆಯಂತೆ. ಆಗ ದೇಹದ ಹಾರ್ಮೋನುಗಳಲ್ಲಿ ಎಡಿಎಚ್ ನೀರನ್ನೂ ಆಲ್ಡೋಸ್ಟೆರೋನ್ ಉಪ್ಪನ್ನೂ ಹಿಡಿದಿಡುತ್ತವೆ, ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಕ್ಯಾಮೆರಾ ಇಳಿಸಲು ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡಿನ ಒತ್ತಡವೂ ಮೂತ್ರವನ್ನು ಕಡಿಮೆ ಮಾಡುತ್ತದೆ. ಹೀಗೆ ಸಕ್ಕರೆ ಏರಿ, ನೀರು ಹೊರಹೋಗದಿರುವ ಹೊತ್ತಿನಲ್ಲಿ ಗ್ಲೂಕೋಸ್ ನೀರನ್ನೇ ಸುರಿದರೆ ರಕ್ತದ ಸೋಡಿಯಂ ಕುಸಿಯಬಹುದು. ಹಾಗಾಗಿ ಅವರು ಆರಿಸಿದ್ದು ಸೋಡಿಯಂ ಮುಂತಾದ ಲವಣಗಳಿರುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣ, ಅದೂ ಅಳತೆಯಿಟ್ಟು.

ಕಡಿಮೆ ಕೊಡುವುದೇ ಸದಾ ಸರಿ ಎಂದೇನೂ ಅವರು ಹೇಳಲಿಲ್ಲ. 2004ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ಇದೇ ಬಗೆಯ ಆಪರೇಷನ್ನಿಗೆ ಕಿಲೋ ತೂಕಕ್ಕೆ 15 ಮಿ.ಲೀ. ದ್ರಾವಣ ಪಡೆದವರಿಗಿಂತ 40 ಮಿ.ಲೀ. ಪಡೆದವರಲ್ಲಿ ವಾಕರಿಕೆ, ತಲೆಸುತ್ತು ಕಡಿಮೆಯಾಗಿ, ನೀರು ಹಿಡಿದಿಡುವ ಹಾರ್ಮೋನುಗಳ ಏರಿಕೆಯೂ ತಗ್ಗಿತ್ತು. ಅಮ್ಮನ ಐವತ್ತು ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ಅದು ಮುಕ್ಕಾಲು ಲೀಟರಿಗೂ ಎರಡು ಲೀಟರಿಗೂ ಇರುವ ಅಂತರ. ಆದರೆ ಆ ರೋಗಿಗಳ ಹೃದಯ ಗಟ್ಟಿಯಿತ್ತು, ಅಮ್ಮನದು ಹಾಗಿರಲಿಲ್ಲ. ಹೆಚ್ಚಾದ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವಿತ್ತು. ಈ ಎರಡರ ನಡುವೆ ಅವರು ಹುಡುಕಿಕೊಂಡ ಜಾಗವೇ ನನಗೆ ನಿಜವಾದ ವೈದ್ಯಕೀಯವಾಗಿ ಕಂಡಿತು.

ಒಳಹೋದದ್ದು, ಹೊರಬಂದದ್ದು ಎಂದು ಗಂಟೆಗೊಮ್ಮೆ ಬರೆದಿಟ್ಟ ರಾತ್ರಿಪಾಳಿಯ ದಾದಿಗೂ ವಿಶೇಷ ವಂದನೆಗಳು. ಬೆಳಗಿನ ಜಾವ ಚೀಲದ ಬಣ್ಣ ತಿಳಿಯಾದದ್ದನ್ನು ಮೊದಲು ಕಂಡು ನಮ್ಮನ್ನು ಎಬ್ಬಿಸಿದವರು ದೊಡ್ಡಪ್ಪನೇ.