ಲೆಕ್ಕದ ಪುಸ್ತಕ ತೆಗೆ, ತಮ್ಮಾ

ಚಿ. ತಮ್ಮನಿಗೆ ಆಶೀರ್ವಾದಗಳು.

ಗಾಯಕಿ ರೂತ್ ಬ್ರೌನ್ ಬದುಕಿನ ಮೇಲೆ ನೀನು ಬರೆದ ಹಸ್ತಪ್ರತಿ ಓದಿದೆ. ಜೊತೆಗಿಟ್ಟಿದ್ದ ಕಾಗದವನ್ನೂ ಓದಿದೆ. ಕಾಗದದಲ್ಲಿರುವ ಹುಡುಗ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಹಸ್ತಪ್ರತಿಯಲ್ಲಿರುವವನು ಬಿಡುವ ಪೈಕಿ ಕಾಣುವುದಿಲ್ಲ. ನಾನು ಉತ್ತರ ಬರೆಯುತ್ತಿರುವುದು ಈ ಎರಡನೆಯವನಿಗೆ.

ಅಧ್ಯಾಯ ಎಷ್ಟು ಪುಟವಿರಬೇಕು, ಅಡಿಟಿಪ್ಪಣಿ ಬೇಕೋ ಬೇಡವೋ, ಯಾವ ಪ್ರಕಾಶಕರಿಗೆ ಕಳಿಸುವುದು, ಅಮೆರಿಕದ ಕಪ್ಪು ಗಾಯಕಿಯ ಕಥೆ ಕನ್ನಡದವರಿಗೆ ಏಕೆ ಎಂದು ಕೇಳಿದರೆ ಏನು ಹೇಳುವುದು ಎಂದೆಲ್ಲ ಕೇಳಿದ್ದೀಯ. ಇವಕ್ಕೆ ನನ್ನಿಂದ ಉತ್ತರ ಕಾಯಬೇಡ. ರೂತ್ ಬ್ರೌನ್ ನಿನಗೆ ಬೇಕಾಗಿದ್ದಾಳೆ, ಅಷ್ಟು ಸಾಕು. ಇನ್ನು ಆ ‘ಮೇಡಂ’ ಬಿಡು. ಅಕ್ಕ ಎಂದರೆ ನನಗೇನೂ ಕಡಿಮೆಯಾಗುವುದಿಲ್ಲ.

ಆರಂಭದ ಪುಟಗಳು ನನಗೆ ಇಷ್ಟವಾದವು. ವರ್ಜೀನಿಯಾದ ಪೋರ್ಟ್ಸ್‌ಮತ್, ಬಂದರಿನಲ್ಲಿ ಸರಕು ಇಳಿಸಿ ಬಂದು ಚರ್ಚಿನಲ್ಲಿ ಗಾಯನವೃಂದ ನಡೆಸುವ ಅಪ್ಪ, ಏಳು ಮಕ್ಕಳಲ್ಲಿ ಹಿರಿಯಳಾದ ಹುಡುಗಿ, ಬೇಸಿಗೆ ಬಂದರೆ ನಾರ್ತ್ ಕ್ಯಾರೊಲೈನಾದ ಅಜ್ಜಿಯ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ. ಚರ್ಚಿಗೆ ಅಭ್ಯಾಸಕ್ಕೆ ಹೋಗುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ ಸೈನಿಕರ ಮುಂದೆ ಹಾಡಲು ಓಡುವ ಆ ಹುಡುಗಿಯನ್ನು ನೀನು ಚೆನ್ನಾಗಿ ಹಿಡಿದಿದ್ದೀಯ. ಎತ್ತರದ ಸ್ವರದಲ್ಲಿ ಆಕೆಯ ದನಿ ತಟಕ್ಕನೆ ಒಡೆದು ಕೀಚಲಾಗುತ್ತದಲ್ಲ, ಅದರ ಬಗ್ಗೆ ಬರೆದ ಪುಟವನ್ನು ಓದಿ ಎದ್ದು ಹೋಗಿ ಹಾಡು ಹಾಕಿಕೊಂಡು ಕೇಳಿದೆ. ಸಂಗೀತದ ಮೇಲೆ ಬರೆದವನಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಆದರೆ ನಡುವೆ ಒಂದು ವಾಕ್ಯ ಬರೆದಿದ್ದೀಯ: ‘ಹಣ ಆಕೆಗೆ ಎಂದೂ ಮುಖ್ಯವಾಗಿರಲಿಲ್ಲ.’ ಯಾರು ಹೇಳಿದರು ನಿನಗೆ? ಎರಡು ಗಂಡುಮಕ್ಕಳನ್ನು ಸಾಕಿದ ಹೆಂಗಸು ಹೇಳಿದಳೇ? ಅಲ್ಲಿಂದ ಮುಂದಕ್ಕೆ ನಾನು ಕೆಂಪು ಪೆನ್ನು ಹಿಡಿದೇ ಓದಿದೆ.

ಕಲಾವಿದರ ಬದುಕು ಬರೆಯುವವರೆಲ್ಲ ಚಪ್ಪಾಳೆ ಎಣಿಸುತ್ತಾರೆ, ಕೂಲಿ ಎಣಿಸುವುದಿಲ್ಲ. ನನ್ನ ಸಿಟ್ಟು ಹಳೆಯದು, ಇದರ ಮೇಲೆಯೇ. ನಾನೊಬ್ಬ ನಾಟಕ ಕಂಪನಿಯ ನಟಿಯ ಜೀವನಚರಿತ್ರೆ ಬರೆದಿದ್ದು ನಿನಗೆ ಗೊತ್ತು. ಅದರಲ್ಲಿ ಆಕೆ ಮಾಲೀಕರಿಂದ ತೆಗೆದುಕೊಂಡ ಮುಂಗಡ, ತೀರಿಸಿದ ಬಗೆ, ಸಂಬಳ ನಿಂತ ತಿಂಗಳುಗಳು ಎಲ್ಲ ಇದ್ದವು. ವಿಮರ್ಶಕರೊಬ್ಬರು ‘ಲೇಖಕಿ ಕಲೆಯನ್ನು ಬಿಟ್ಟು ಕಿರಾಣಿ ಅಂಗಡಿಯ ಪುಸ್ತಕ ತೆರೆದಿದ್ದಾರೆ’ ಎಂದು ಬರೆದರು. ಆ ಪುಸ್ತಕವನ್ನೇ ಪ್ರಕಾಶಕರು ನನಗೆ ತಿಳಿಸದೆ ಮರುಮುದ್ರಿಸಿದರು. ಲೆಕ್ಕ ಕೇಳಿದ್ದಕ್ಕೆ ‘ಸರಸ್ವತಿಯ ಸೇವೆ ಮಾಡುವವರು ನೀವು, ಲಕ್ಷ್ಮಿಯ ಮಾತೇಕೆ ಅಮ್ಮಾ’ ಎಂದು ನಕ್ಕು, ಗೌರವಧನದ ಬದಲು ಒಂದು ಕಟ್ಟು ಪ್ರತಿ ಕೊಟ್ಟು ಕಳಿಸಿದರು. ಆ ನಗು ಇನ್ನೂ ನನ್ನ ಹೊಟ್ಟೆಯಲ್ಲಿದೆ. ಇರಲಿ.

ನಿನ್ನ ನಾಯಕಿಗೆ ಬರೋಣ. ಲಕ್ಕಿ ಮಿಲಿಂಡರ್‌ನ ವಾದ್ಯತಂಡದಿಂದ ಆಕೆಯನ್ನು ತೆಗೆದುಹಾಕಿದ್ದನ್ನು ‘ವಿಧಿಯ ಆಟ’ ಎಂದಿದ್ದೀಯ. ವಿಧಿಯಲ್ಲ. ವಾದ್ಯದವರಿಗೆ ಕುಡಿಯಲು ತಂದುಕೊಟ್ಟಳು ಎಂಬ ನೆಪಕ್ಕೆ ತಂಡದ ಯಜಮಾನ ಕೆಲಸದಿಂದ ತೆಗೆದ. ವಾಷಿಂಗ್ಟನ್‌ನಲ್ಲಿ ಊರಿಗೆ ಹೋಗಲು ಕಾಸಿಲ್ಲದೆ ನಿಂತಳು. ಆಗ ಕೈಹಿಡಿದ ಬ್ಲಾಂಚ್ ಕ್ಯಾಲೊವೇ ಸ್ವತಃ ತಂಡ ಕಟ್ಟಿ ನಡೆಸಿದ್ದ ಹೆಂಗಸು. ತನ್ನ ಕ್ಲಬ್ಬಿನಲ್ಲಿ ಹಾಡಲು ಕೆಲಸ ಕೊಟ್ಟಳು. ನೀನು ಬ್ಲಾಂಚ್‌ಗೆ ಅರ್ಧ ಸಾಲು ಕೊಟ್ಟಿದ್ದೀಯ, ಅದೂ ಹೆಸರಾಂತ ಜಾಝ್ ಗಾಯಕ ‘ಕ್ಯಾಬ್ ಕ್ಯಾಲೊವೇಯ ಅಕ್ಕ’ ಎಂದು ಹೇಳಿ ಮುಗಿಸಲು.

ಆಮೇಲೆ ಆಸ್ಪತ್ರೆ. 1948ರಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರಕ್ಕೆ ಹೊರಟಾಗ ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ ಕಾರು ಅಪಘಾತವಾಗಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದಳು. ಅಟ್ಲಾಂಟಿಕ್ ರೆಕಾರ್ಡ್ಸ್ ಆಗ ಎಳೆಯ ಧ್ವನಿಮುದ್ರಣ ಕಂಪನಿ, 1947ರಲ್ಲಿ ಹುಟ್ಟಿದ್ದು. ಅದರ ಒಡೆಯರಲ್ಲೊಬ್ಬನಾದ ಅಹ್ಮೆತ್ ಎರ್ಟೆಗುನ್, ಟರ್ಕಿಯ ರಾಯಭಾರಿಯ ಮಗ, ಆಸ್ಪತ್ರೆಗೇ ಬಂದ. ಆಕೆಯ 21ನೇ ಹುಟ್ಟುಹಬ್ಬಕ್ಕೆ ಸ್ವರಲಿಪಿ ಓದಲು ಕಲಿಸುವ ಪುಸ್ತಕ ತಂದುಕೊಟ್ಟ. ಕರಾರಿಗೆ ಸಹಿ ಬಿದ್ದದ್ದೂ ಹಾಸಿಗೆಯ ಮೇಲೆಯೇ. ಈ ದೃಶ್ಯ ಬರೆಯುವಾಗ ನೀನು ಅತ್ತಿರಬೇಕು, ಕಾಗದದಲ್ಲಿ ಗೊತ್ತಾಗುತ್ತದೆ. ಅಳು, ಬೇಡವೆನ್ನುವುದಿಲ್ಲ. ಆದರೆ ಕಣ್ಣೊರೆಸಿಕೊಂಡು ಆ ಕರಾರಿನಲ್ಲಿ ಏನಿತ್ತೆಂದು ಓದುವುದು ನಿನ್ನ ಕೆಲಸ.

ಅಂಥ ಕರಾರುಗಳು ನಡೆಯುತ್ತಿದ್ದ ರೀತಿ ಹೀಗೆ: ಕಂಪನಿ ಗಾಯಕಿಗೆ ಮುಂಗಡ ಕೊಡುತ್ತದೆ. ಧ್ವನಿಮುದ್ರಣದ ದಿನ ವಾದ್ಯದವರ ಕೂಲಿ, ಸಂಗೀತ ಸಂಯೋಜಿಸಿದವನ ಸಂಭಾವನೆ, ಸ್ಟುಡಿಯೊ ಖರ್ಚು ಎಲ್ಲವನ್ನೂ ಗಾಯಕಿಯ ಖಾತೆಗೇ ಬರೆಯುತ್ತದೆ. ಪ್ರತಿ ಗ್ರಾಮಫೋನ್ ತಟ್ಟೆ ಮಾರಿದಾಗ ಆಕೆಗೆ ಸಲ್ಲಬೇಕಾದ ಸಣ್ಣ ಪಾಲು ಈ ಸಾಲಕ್ಕೆ ಜಮೆಯಾಗುತ್ತ ಹೋಗುತ್ತದೆ. ಅದು ತೀರುವಷ್ಟರಲ್ಲಿ ಇನ್ನೊಂದು ಮುದ್ರಣ, ಇನ್ನೊಂದು ಸಾಲ. ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ 1950ರಲ್ಲಿ ಬಂದು, ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಅಂಡ್ ಬ್ಲೂಸ್‌ನ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು ಎಂದು ಸಡಗರದಿಂದ ಬರೆದಿದ್ದೀಯ. ಆ ಹಾಡು ಅಮೆರಿಕದ ರೇಡಿಯೊದಲ್ಲಿ ಎಷ್ಟು ಸಾವಿರ ಸಲ ಬಂದರೂ ಹಣ ಹೋಗುವುದು ಹಾಡು ಬರೆದ ರೂಡಿ ಟೂಂಬ್ಸ್‌ಗೆ ಮತ್ತು ಅದರ ಪ್ರಕಾಶಕರಿಗೆ. ಹಾಡಿದವಳಿಗೆ ಅಲ್ಲಿನ ಕಾನೂನಿನಲ್ಲಿ ಬಿಡಿಗಾಸೂ ಇಲ್ಲ. ಇದನ್ನು ಬರೆದೆಯಾ? ಇಲ್ಲ. ಹಾಗಾದರೆ ಆಕೆ ಏಕೆ ಅಷ್ಟೊಂದು ಊರು ಸುತ್ತಿದಳು, ಬಿಳಿಯರನ್ನೂ ಕರಿಯರನ್ನೂ ಸಭಾಂಗಣದ ನಡುವೆ ಹಗ್ಗ ಕಟ್ಟಿ ಬೇರೆ ನಿಲ್ಲಿಸುವ ದಕ್ಷಿಣದ ಊರುಗಳಲ್ಲಿ ಏಕೆ ಹಾಡಿದಳು ಎಂದು ನಿನ್ನ ಓದುಗನಿಗೆ ಹೇಗೆ ತಿಳಿಯಬೇಕು? ನಗದು ಸಿಗುತ್ತಿದ್ದದ್ದು ರಸ್ತೆಯಲ್ಲಿ.

ಬಿಳಿಯ ಗಾಯಕಿ ಪ್ಯಾಟಿ ಪೇಜ್ ರೂತ್‌ಳ ಹಾಡನ್ನೇ ಹಾಡಿ ಬಿಳಿಯರ ಮಾರುಕಟ್ಟೆಗೆ ಕೊಂಡೊಯ್ದದ್ದನ್ನು ‘ಪ್ರಭಾವ’ ಎಂದು ಕರೆದಿದ್ದೀಯ. ಅಟ್ಲಾಂಟಿಕ್‌ನ ಇನ್ನೊಬ್ಬ ಕಪ್ಪು ಗಾಯಕಿ ಲವರ್ನ್ ಬೇಕರ್ ಇಂಥದ್ದೇ ನಕಲಿಗೆ ರೋಸಿ, ಸಂಗೀತ ಜೋಡಣೆಗೂ ಕಾನೂನಿನ ರಕ್ಷಣೆ ಬೇಕೆಂದು 1955ರಲ್ಲಿ ಸಂಸದ ಚಾರ್ಲ್ಸ್ ಡಿಗ್ಸ್‌ಗೆ ಪತ್ರ ಬರೆದಳು. ಪ್ರಭಾವವಂತೆ.

ಈಗ ನನಗೆ ನಿಜವಾಗಿ ಕೋಪ ತರಿಸಿದ ಜಾಗ. 1961ರಲ್ಲಿ ಅಟ್ಲಾಂಟಿಕ್ ಬಿಟ್ಟ ಮೇಲೆ, ‘ಕೆಲವು ವರ್ಷ ಕಷ್ಟದಲ್ಲಿ ಕಳೆದವು’ ಎಂಬ ಒಂದೇ ಸಾಲು. ಮುಂದಿನ ಪ್ಯಾರಾದಲ್ಲಿ ಎಪ್ಪತ್ತರ ದಶಕದ ಮಧ್ಯಕ್ಕೆ ಹಾರಿದ್ದೀಯ. ಹಾಸ್ಯನಟ ರೆಡ್ ಫಾಕ್ಸ್ ಬಂದು ಆಕೆಯನ್ನು ಮತ್ತೆ ರಂಗಕ್ಕೆ ಕರೆತರುತ್ತಾನೆ. ನಡುವಿನ ಹೆಂಗಸು ಎಲ್ಲಿ? ಲಾಂಗ್ ಐಲೆಂಡಿನಲ್ಲಿ ಮನೆಗೆಲಸ ಮಾಡಿದಳು, ಪುಟ್ಟ ಮಕ್ಕಳನ್ನು ನೋಡಿಕೊಂಡಳು, ಶಾಲೆಯ ಬಸ್ ಓಡಿಸಿದಳು. ಬಸ್ಸಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ರಜೆಗೆ ಸಂಬಳ ಇಲ್ಲ, ಇವನ್ನು ಹುಡುಕು. ಬರೆಯಬೇಕಾದದ್ದು ಅಲ್ಲಿದೆ.

ಅದರ ಬದಲು ನೀನು ಮಾಡಿದ್ದೇನು? ಆ ಕಂಪನಿಯನ್ನು ‘ರೂತ್ ಕಟ್ಟಿದ ಮನೆ’ ಎಂದು ಜನ ಕರೆಯುತ್ತಿದ್ದರಲ್ಲ, ಅದನ್ನು ಹಿಡಿದುಕೊಂಡು ‘ಮನೆ ಕಟ್ಟಿದವಳೇ ಪರರ ಮನೆ ಗುಡಿಸಿದಳು’ ಎಂದು ಬರೆದು ಖುಷಿಪಟ್ಟಿದ್ದೀಯ. ಓದಿದವರು ಅಯ್ಯೋ ಪಾಪ ಎನ್ನುತ್ತಾರೆ, ಯಾರು ಹಣ ಕೊಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಆ ಸಾಲನ್ನು ಹೊಡೆದು ಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಅದು ಮತ್ತೆ ಬರಕೂಡದು.

ಹಾಗೆಂದು ಎರ್ಟೆಗುನ್‌ನನ್ನು ಖಳನಾಯಕನನ್ನಾಗಿ ಮಾಡಿ ಕಳಿಸೀಯೆ, ಜೋಕೆ. ಪುಸ್ತಕ ಹಿಡಿದು ಆಸ್ಪತ್ರೆಗೆ ಬಂದ ಮಮತೆ ನಾಟಕವೆಂದು ನನಗೆ ಅನಿಸುವುದಿಲ್ಲ. ಆತನ ಕರಾರು ಆ ಕಾಲದ ಬೇರೆ ಕಂಪನಿಗಳ ಕರಾರಿನಂತೆಯೇ ಇತ್ತು, ಕಾನೂನುಬದ್ಧವಾಗಿತ್ತು. ಪ್ರೀತಿಯಿಂದ ಮಾತಾಡಿಸುವವರ ಲೆಕ್ಕದ ಪುಸ್ತಕದಲ್ಲಿಯೇ ನಮ್ಮ ಹೆಸರಿನ ಮುಂದೆ ಸಾಲ ಬೆಳೆಯುತ್ತಿರುತ್ತದೆ. ಅದನ್ನು ಬರೆಯುವುದು ಖಳನನ್ನು ಬರೆಯುವುದಕ್ಕಿಂತ ಕಷ್ಟ; ನಿನಗೆ ಆಗುತ್ತದೆ ಎಂದೇ ಹೇಳುತ್ತಿದ್ದೇನೆ.

ಕೊನೆಯ ಭಾಗದಲ್ಲಿ ರಂಗಭೂಮಿಯ ಟೋನಿ, ಸಂಗೀತದ ಗ್ರಾಮಿ ಪ್ರಶಸ್ತಿಗಳು, 1993ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಎಲ್ಲ ಸಾಲಾಗಿ ನಿಂತಿವೆ. ಅವನ್ನೆಲ್ಲ ಒಂದು ಪುಟಕ್ಕೆ ಇಳಿಸು. ಆ ಜಾಗವನ್ನು ಹೊವೆಲ್ ಬೆಗಲ್‌ಗೆ ಕೊಡು. ವಾಷಿಂಗ್ಟನ್ನಿನ ವಕೀಲ, ಆಕೆಯ ಅಭಿಮಾನಿ, ಹಳೆಯ ತಟ್ಟೆಗಳಿಗೆ ಹಸ್ತಾಕ್ಷರ ಹಾಕಿಸಿಕೊಳ್ಳಲು ಹೋದವನು. ಇವುಗಳಿಂದ ತನಗೆ ಹಣ ಬರುತ್ತಿಲ್ಲ ಎಂದು ಆಕೆ ಹೇಳಿದ್ದನ್ನು ಕೇಳಿ, ಶುಲ್ಕ ಪಡೆಯದೆ ವರ್ಷಗಟ್ಟಲೆ ಕಂಪನಿಯ ಬೆನ್ನು ಹತ್ತಿದ. 1988ರಲ್ಲಿ, ಅಟ್ಲಾಂಟಿಕ್ ತನ್ನ ನಲವತ್ತು ವರ್ಷದ ಹಬ್ಬವನ್ನು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಚರಿಸುವ ಹೊತ್ತಿಗೆ, ಕಂಪನಿ ಮಣಿಯಿತು: ರೂತ್ ಮತ್ತು ಇತರ ಹಳೆಯ ಗಾಯಕರ ಖಾತೆಯ ಸಾಲ ಅಳಿಸಿತು, 1970ರಿಂದೀಚೆಗಿನ ಗೌರವಧನ ಲೆಕ್ಕ ಹಾಕಿ ಕೊಟ್ಟಿತು, ಇಂಥ ಹಳೆಯ ಕಲಾವಿದರ ನೆರವಿನ ಸಂಸ್ಥೆಯಾದ ರಿದಮ್ ಅಂಡ್ ಬ್ಲೂಸ್ ಫೌಂಡೇಷನ್‌ಗೆ ಮೊದಲ ಕಂತಾಗಿ 15 ಲಕ್ಷ ಡಾಲರ್ ಇಟ್ಟಿತು. 1970ಕ್ಕಿಂತ ಹಿಂದಿನದ್ದು ಏನಾಯಿತು ಎಂದು ಕೇಳುವ ಓದುಗ ನಿನಗೆ ಸಿಗಲಿ. ಆಕೆಯ ಹಾಡುಗಳೆಲ್ಲ ದುಡಿದದ್ದು ಅದಕ್ಕೆ ಹಿಂದೆಯೇ ಅಲ್ಲವೇ?

ಮುನ್ನುಡಿ ಕೇಳಿದ್ದೀಯ. 1961ರಿಂದ ಮುಂದಿನ ಅಧ್ಯಾಯ ಬರೆದು ಕಳಿಸಿದ ಮೇಲೆ ಮಾತಾಡೋಣ. ಬರೆದರೆ ಅದಕ್ಕೆ ಸಂಭಾವನೆ ಪಡೆಯುತ್ತೇನೆ, ಎಷ್ಟೆಂದು ನಿನ್ನ ಪ್ರಕಾಶಕರಿಗೆ ನಾನೇ ಹೇಳುತ್ತೇನೆ. ನೀನು ಸಂಕೋಚಪಡುತ್ತ ನಡುವೆ ಬರಬೇಡ. ನಿನ್ನ ಕರಾರಿನ ಕರಡು ಬಂದರೆ ಸಹಿ ಮಾಡುವ ಮುಂಚೆ ಒಂದು ಪ್ರತಿ ನನಗೆ ಕಳಿಸು. ಮರುಮುದ್ರಣದ ಷರತ್ತು ಯಾವ ಪುಟದಲ್ಲಿ ಅಡಗಿರುತ್ತದೆಂದು ನನಗೆ ಗೊತ್ತು.

ಇತಿ,
ನಿನ್ನ ಅಕ್ಕ