ಬೀರುವಿನೊಳಗಿನ ಕಾಗದದ ಗಂಟು ಈ ಹಬ್ಬಕ್ಕಾದರೂ ಬಿಚ್ಚಲಿ

ಮಾನ್ಯ ಸಂಪಾದಕರೇ,

ಯುಗಾದಿ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಧೂಳು ಹೊಡೆಯುವ ಕೆಲಸ ಶುರುವಾಗುತ್ತದೆ. ಅಟ್ಟದ ಪಾತ್ರೆಗಳು ಇಳಿಯುತ್ತವೆ, ಫ್ಯಾನಿನ ರೆಕ್ಕೆ ಒರೆಸುತ್ತಾರೆ, ಹಳೇ ಪೇಪರು ಗುಜರಿಗೆ ಹೋಗುತ್ತದೆ. ಬೀರುವಿನ ಕೆಳಖಾನೆಯಲ್ಲಿ ಸೀರೆ ಅಂಗಡಿಯ ಕವರಿನೊಳಗೆ ತುರುಕಿಟ್ಟ ಕಾಗದಗಳನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ. ಕವರೆತ್ತಿ, ಕೆಳಗೆ ಒರೆಸಿ, ಅಲ್ಲೇ ಇಡುತ್ತಾರೆ. ಒಳಗೆ ರಬ್ಬರ್ ಬ್ಯಾಂಡ್ ಕರಗಿ ಪಾಸ್‌ಬುಕ್ಕಿಗೆ ಅಂಟಿರುತ್ತದೆ, ಪಿನ್ನು ತುಕ್ಕು ಹಿಡಿದು ರಸೀದಿ ತೂತಾಗಿರುತ್ತದೆ. ತಲೆಯೊಳಗಿನ ಭಾರಕ್ಕೆ ಅಟ್ಟದ ಸಾಮಾನಿಗಿಂತ ಈ ಗಂಟೇ ಹೆಚ್ಚು ಕಾರಣ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ಒಡೆದ ಬಕೆಟ್ಟಿಗೆ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ. ಕಾಗದ ಹಾಗಲ್ಲ. ಒಂದು ಹಳೇ ಪಾಸ್‌ಬುಕ್ ಕೈಗೆ ಬಂದರೆ ಖಾತೆ ಚಾಲ್ತಿಯಲ್ಲಿದೆಯೇ, ನಾಮಿನಿ ಯಾರು, ಶಾಖೆ ಈಗ ಎಲ್ಲಿದೆ, ಯಾರು ಹೋಗಬೇಕು ಎಂದು ನಾಲ್ಕು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಅಷ್ಟಕ್ಕೇ ಬೇಸರ ಬಂದು ‘ಆಮೇಲೆ ನೋಡೋಣ’ ಎಂದು ಮತ್ತೆ ಒಳಗಿಡುತ್ತೇವೆ. ಇದನ್ನು ಸೋಮಾರಿತನ ಎಂದು ಬೈದರೆ ಏನೂ ಪ್ರಯೋಜನವಿಲ್ಲ. ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಉಪಯುಕ್ತ ವಿಷಯ ಕಂಡುಬಂತು: ಬಾಕಿ ಕೆಲಸ ಬೇರೆ ಕೆಲಸದ ಮಧ್ಯೆ ನುಗ್ಗಿ ಕಾಡುತ್ತದೆ, ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಮುಗಿಯದಿದ್ದರೂ ಆ ಕಾಟ ಇಳಿಯುತ್ತದೆ. ಅಂದರೆ ಗಂಟು ಬಿಚ್ಚಿದ ದಿನವೇ ಎಲ್ಲವೂ ಮುಗಿಯಬೇಕಿಲ್ಲ. ಪ್ರತಿ ಕಾಗದದ ಮುಂದಿನ ಹೆಜ್ಜೆಗೆ ಒಂದು ದಿನ ನಿಗದಿಯಾದರೆ ಸಾಕು.

ಇಡೀ ಭಾನುವಾರ ಇದಕ್ಕೆಂದು ಎತ್ತಿಡುವುದು ಬೇಡ. ಬೀರು ಪೂರ್ತಿ ಬರಿದು ಮಾಡಿ ಮಂಚದ ಮೇಲೆ ಸುರಿದವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುತ್ತಾರೆ, ರಾತ್ರಿ ಮಲಗಲು ಜಾಗ ಬೇಕೆಂದು ಎಲ್ಲವನ್ನೂ ಒಂದೇ ರಾಶಿ ಮಾಡಿ ಒಳಗೆ ತಳ್ಳುತ್ತಾರೆ. ಆಮೇಲೆ ಆ ಕಡೆ ತಲೆಹಾಕುವುದು ಮುಂದಿನ ಹಬ್ಬಕ್ಕೇ. ನಲವತ್ತು ನಿಮಿಷ, ಒಂದೇ ಕವರು, ಚಾಪೆಯ ಮೇಲೆ ಕೂತು. ಓದುತ್ತಾ ಕೂರಬಾರದು, ತಲೆಬರಹ ಮತ್ತು ದಿನಾಂಕ ನೋಡಿ ಪಕ್ಕಕ್ಕಿಡಬೇಕು. ಕಾಯಂ ಇಡುವವು, ಕೆಲವು ವರ್ಷ ಇಡುವವು, ಕೆಲಸ ಬಾಕಿಯಿರುವವು, ಹರಿದು ಹಾಕುವವು ಎಂದು ನಾಲ್ಕು ಗುಡ್ಡೆ. ಮೊದಲೇ ಫೈಲು, ಡಬ್ಬ ಕೊಂಡು ತರಬೇಡಿ. ಎಷ್ಟು ಉಳಿಯುತ್ತದೆಂದು ತಿಳಿಯದೆ ತಂದ ಡಬ್ಬಕ್ಕೆ ಬೇಡದ್ದೂ ತುಂಬಿಕೊಳ್ಳುತ್ತದೆ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದಿಡುವುದೂ ಅಷ್ಟೇ, ರಾಶಿ ಬೀರುವಿನಿಂದ ಫೋನಿಗೆ ಹೋಗುತ್ತದೆ.

ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ವಿಭಾಗಪತ್ರ, ಉಯಿಲು, ಜನನ-ಮರಣ-ವಿವಾಹ ಪ್ರಮಾಣಪತ್ರ, ಅಂಕಪಟ್ಟಿ, ಪಿಂಚಣಿ ಆದೇಶ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಸಾಲ ತೀರಿದ ಪತ್ರ ಇವು ಕಾಯಂ. ಕಂದಾಯದ ರಸೀದಿಗಳೂ ಇಲ್ಲೇ ಇರಲಿ, ಅವು ಹೆಚ್ಚು ಜಾಗ ತಿನ್ನುವುದಿಲ್ಲ. ಆದಾಯ ತೆರಿಗೆಯ ಕಾಗದ ಎಂಟು ವರ್ಷ ಇಟ್ಟರೆ ಧೈರ್ಯ. ವಿದ್ಯುತ್ ಬಿಲ್ಲು ಒಂದು ವರ್ಷದ್ದು ಸಾಕು. ಅಂಗಡಿಯ ನುಣುಪು ಕಾಗದದ ಬಿಲ್ಲು ಶಾಖಕ್ಕೆ ಮೂಡುವ ಅಕ್ಷರದ್ದು, ತಾನಾಗಿಯೇ ಅಳಿಸಿಹೋಗುತ್ತದೆ. ಹಾಗಾಗಿ ವಾರಂಟಿ ಇರುವ ಸಾಮಾನಿನ ಬಿಲ್ಲನ್ನು ತಂದ ದಿನವೇ ಜೆರಾಕ್ಸ್ ಮಾಡಿಸಬೇಕು. ಮೂಲಪತ್ರಗಳನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಆ ಹಾಳೆಯನ್ನು ಮತ್ತೆ ಬಿಡಿಸಲಾಗದು, ಮುಂದೆ ಮೊಹರು ಹಾಕಿಸಲೂ ಆಗದು. ಪಿನ್ನು, ರಬ್ಬರ್ ಬ್ಯಾಂಡ್ ತೆಗೆದು, ಬಟ್ಟೆಯ ಚೀಲದಲ್ಲೋ ಕಾಗದದ ಫೈಲಿನಲ್ಲೋ ಹಾಕಿ, ಗೋಡೆಗೆ ತಾಗದ ಮೇಲಿನ ಖಾನೆಯಲ್ಲಿಡಿ. ಗೆದ್ದಲು ಬರುವುದು ಗೋಡೆ-ನೆಲದ ಕಡೆಯಿಂದ.

ಆಧಾರ್, ಪ್ಯಾನ್ ಜೆರಾಕ್ಸ್‌ಗಳನ್ನು, ಹಳೇ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಇಡಿಯಾಗಿ ಗುಜರಿಗೆ ಹಾಕುವುದು ಅಪಾಯ. ಹರಿದು, ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಸುಕಿದರೆ ಯಾರೂ ಓದಲಾಗದ ಮುದ್ದೆಯಾಗುತ್ತದೆ.

ಇನ್ನು ಕೆಲಸ ಬಾಕಿಯಿರುವ ಗುಡ್ಡೆ. ಮುಂದೂಡಿಕೆ ಮನೆಮಾಡಿರುವುದು ಇಲ್ಲಿಯೇ, ನಲವತ್ತು ನಿಮಿಷದಲ್ಲಿ ಕೊನೆಯ ಹದಿನೈದು ಇದಕ್ಕೇ ಮೀಸಲಿರಲಿ. ಪ್ರತಿ ಕಾಗದದ ಮೇಲೊಂದು ಚೀಟಿ ಹಚ್ಚಿ, ‘ವಿಮೆ’ ಎಂದಷ್ಟೇ ಬರೆಯದೆ, ‘ಬುಧವಾರ 11ಕ್ಕೆ ಶಾಖೆಗೆ, ಪಾಲಿಸಿ ಬಾಂಡ್, ಆಧಾರ್, ಪಾಸ್‌ಬುಕ್ ಒಯ್ದು ನಾಮಿನಿ ಬದಲಾವಣೆ ಅರ್ಜಿ, ಹೋಗುವವರು ಮಗ’ ಎಂದು ಬರೆಯಿರಿ. ಯಾವ ದಿನ, ಯಾವ ಕಚೇರಿ, ಏನೇನು ಒಯ್ಯಬೇಕು, ಯಾರು ಹೋಗಬೇಕು ಎಂಬ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಆ ಕಾಗದ ಗಂಟಿಗೇ ವಾಪಸು ಬರುತ್ತದೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಚೀಟಿಗೆ ದಿನ ಕೊಡಬೇಡಿ.

ಹಳೇ ಪಾಸ್‌ಬುಕ್ಕಿನ ವಿಚಾರದಲ್ಲಿ ಹೆದರಿಕೆಯೇ ಹೆಚ್ಚು. ಎರಡು ವರ್ಷಕ್ಕೂ ಮೇಲ್ಪಟ್ಟು ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋದರೂ ಖಾತೆದಾರರಾಗಲಿ ವಾರಸುದಾರರಾಗಲಿ ಅದೇ ಬ್ಯಾಂಕಿನ ಮೂಲಕ ವಾಪಸು ಕೇಳಬಹುದು. ಯಾವ ಬ್ಯಾಂಕಿನಲ್ಲಿದೆ ಎಂದು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಜಾಲತಾಣ ತೆರೆದಿದೆ. ನಿಷ್ಕ್ರಿಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ, ಖಾತೆ ಮತ್ತೆ ಚಾಲನೆ ಮಾಡಲು ಶುಲ್ಕ ಕೇಳುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ‘ಅಷ್ಟು ವರ್ಷದ ದಂಡ ಕಟ್ಟಬೇಕೇನೋ’ ಎಂದು ಹಿಂದೇಟು ಹಾಕುತ್ತಿರುವ ಹಿರಿಯರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು. ಗೃಹಸಾಲ ತೀರಿಸಿದವರಿಗೂ ಒಂದು ಮಾತು: ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂತಿರುಗಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ಬ್ಯಾಂಕುಗಳಿಗೆ 2023ರ ಡಿಸೆಂಬರ್ 1ರಿಂದ ನಿಯಮವಿದೆ. ಪತ್ರ ತಂದ ಮೇಲೆ ಒಮ್ಮೆ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಇ.ಸಿ.) ತೆಗೆಸಿ ನೋಡಿ. ಸಾಲದ ನಮೂದು ಇನ್ನೂ ಇದ್ದರೆ ಉಪನೋಂದಣಿ ಕಚೇರಿಯ ಕೆಲಸ ಬಾಕಿಯಿದೆ ಎಂದರ್ಥ.

ಹಳ್ಳಿಯ ಮನೆಗಳಲ್ಲಿ ಈ ಗುಡ್ಡೆಯ ತಳದಲ್ಲಿ ಬಹುಪಾಲು ಸಿಗುವುದು ತೀರಿಹೋದ ಅಜ್ಜನ ಹೆಸರಿನಲ್ಲಿರುವ ಪಹಣಿ. ತೀರಿಕೊಂಡವರ ಹೆಸರಿನ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಮುಖ್ಯವಾಗಿ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಗುರುತಿನ ದಾಖಲೆ. ಅಷ್ಟಾದರೂ ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಓಡಾಟದ ಬೇಸರಕ್ಕಿಂತ ಅಕ್ಕತಂಗಿಯರ ಜೊತೆ ಆಸ್ತಿಯ ಮಾತೆತ್ತುವ ಮುಜುಗರವೇ ಇಲ್ಲಿ ದೊಡ್ಡದು. ಪೌತಿ ಎಂದರೆ ಪಾಲು ಎಂದು ತಿಳಿದಿರುವುದೇ ಈ ಮುಜುಗರಕ್ಕೆ ಕಾರಣ. ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಪಹಣಿಗೆ ಬರಲಿ, ವಿಭಾಗದ ಮಾತು ಮುಂದೆ ಯಾವಾಗಲಾದರೂ ಆಗಲಿ. ತಡವಾದಷ್ಟೂ ಕೆಲಸ ಬೆಳೆಯುತ್ತದೆ. ಇಂದು ಮೂವರು ಮಕ್ಕಳ ಸಹಿ ಸಾಕು. ಅವರಲ್ಲೊಬ್ಬರು ತೀರಿಕೊಂಡರೆ ಅವರ ಹೆಂಡತಿ, ಮಕ್ಕಳು ಸೇರಿ ಏಳೆಂಟು ಸಹಿ ಬೇಕು, ಅದರಲ್ಲೊಬ್ಬರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಅಷ್ಟರಲ್ಲಿ ಬೆಳೆಸಾಲವೂ ಇಲ್ಲ, ಪಿಎಂ ಕಿಸಾನ್ ಹಣವೂ ಇಲ್ಲ. ಮರಣ ನೋಂದಣಿಯೂ ಹಾಗೆಯೇ: 21 ದಿನದೊಳಗೆ ಶುಲ್ಕವಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಮನೆಯ ಹಿರಿಯರ ಕಾಗದಗಳಿಗೆ ಕೈ ಹಾಕುವಾಗ ‘ಇದು ಬೇಕಾ?’ ಎಂದು ಕೇಳಬೇಡಿ, ಬೇಕು ಎಂಬ ಉತ್ತರವೇ ಬರುತ್ತದೆ. ‘ಇದು ಯಾವುದರದ್ದು ಅಪ್ಪಾಜಿ?’ ಎಂದು ಕೇಳಿದರೆ ಅವರೇ ಬೇರ್ಪಡಿಸಿ ಕೊಡುತ್ತಾರೆ, ಯಾರಿಗೂ ಗೊತ್ತಿಲ್ಲದ ಒಂದೆರಡು ಠೇವಣಿಯ ವಿಷಯವೂ ಹೊರಬರಬಹುದು. ಅವರಿಲ್ಲದಾಗ ಅವರ ಗಂಟು ಬಿಚ್ಚಿ ಹರಿದು ಹಾಕುವುದು ಮಾತ್ರ ಕೂಡದು.

ಕೊನೆಗೆ ಕಚೇರಿಗಳಿಗೊಂದು ಬಿನ್ನಹ. ಧೈರ್ಯ ಮಾಡಿ ಗಂಟು ಬಿಚ್ಚಿ, ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರನ್ನು ‘ಇನ್ನೊಂದು ಕಾಗದ ಬೇಕಿತ್ತು, ಸೋಮವಾರ ಬನ್ನಿ’ ಎಂದು ಕಳುಹಿಸಿದರೆ ಅವರು ಮುಂದಿನ ಸೋಮವಾರ ಬರುವುದಿಲ್ಲ, ಗಂಟು ಮತ್ತೆ ಬೀರು ಸೇರುತ್ತದೆ. ನಾಡಕಚೇರಿ, ಬ್ಯಾಂಕ್ ಶಾಖೆ, ಗ್ರಾಮ ಪಂಚಾಯಿತಿಗಳಲ್ಲಿ ಪೌತಿ ಖಾತೆ, ನಾಮಿನಿ ಬದಲಾವಣೆ, ಮೃತರ ಖಾತೆಯ ಹಣ ಪಡೆಯುವುದು, ಈ ಮೂರಕ್ಕಾದರೂ ಬೇಕಾದ ದಾಖಲೆಗಳ ಪೂರ್ತಿ ಪಟ್ಟಿಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬಾಗಿಲ ಹೊರಗೇ ಹಾಕಬೇಕು. ಕಚೇರಿ ಮುಚ್ಚಿದ ಮೇಲೂ ಓದುವಂತಿರಬೇಕು. ತಮ್ಮ ಪತ್ರಿಕೆಯೂ ಹಬ್ಬದ ಮುಂಚೆ ಆ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳುವಂತೆ ಒಂದು ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ,
ತುಮಕೂರು